ದೈತ್ಯನ ಹಿಮ್ಮಡಿ

ಲಾಳದವನ ಮುತ್ತಜ್ಜ ದಂಡಿನ ಬೆನ್ನಿಗೆ ಬಿದ್ದು ಊರೂರು ಅಲೆದವನು. ದಂಡು ಸೋತು ಹಿಮ್ಮೆಟ್ಟುವಾಗ, ಸೇತುವೆಗೆ ಬೆಂಕಿ ಇಡುವ ಹೊತ್ತಾದರೂ ಅಡೆಗಲ್ಲು ಬಿಟ್ಟು ಕದಲದೆ, ಕುಂಟುತ್ತಿದ್ದ ಕೊನೆಯ ಕುದುರೆಗೂ ಲಾಳ ಹೊಡೆದು ದಾಟಿಸಿ, ಸೇತುವೆ ಉರಿದು ಬಿದ್ದ ಮೇಲೆ ತಾನು ಹೊಳೆ ಈಜಿದ. ಅವನ ಮಗ, ಅಂದರೆ ಅಜ್ಜ, ಗೊರಸು ಸೀಳಿ ನಿಲ್ಲಲಾರದ ಹೆಣ್ಣುಕುದುರೆಯೊಂದನ್ನು ಗುಂಡಿಟ್ಟು ಕೊಲ್ಲಿ ಎಂದು ಊರೆಲ್ಲ ಹೇಳುತ್ತಿದ್ದಾಗ ತನ್ನ ಹಿತ್ತಲಿಗೆ ಗಾಡಿಯಲ್ಲಿ ಹೇರಿಕೊಂಡು ಬಂದು, ಹೊಸ ಗೊರಸು ಇಳಿಯುವ ತನಕ ಸಾಕಿದ. ಅದು ಮತ್ತೆ ಗಾಡಿ ಎಳೆಯಿತು. ಅಜ್ಜಿಯೂ ಕಡಿಮೆಯವಳಲ್ಲ. ಕಿಡಿ ಸಿಡಿದು ಅಜ್ಜನ ಕಣ್ಣು ಹೋದ ವರ್ಷ, ಅವನು ಸೊಂಟಕ್ಕೆ ಕಟ್ಟುತ್ತಿದ್ದ ಚರ್ಮದ ಹೊದಿಕೆಯನ್ನು ತಾನು ಬಿಗಿದುಕೊಂಡು, ಬಸಿರಿಯಾಗಿದ್ದರೂ ಕುದುರೆಯ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಕೆಲಸ ಮಾಡಿದಳು. ಅಪ್ಪ ಮಾತ್ರ ಇಂಥದ್ದೇನೂ ಮಾಡಲಿಲ್ಲ. ಅವನು ಮಾಡಿದ್ದು ಒಂದೇ: ತನ್ನ ಹಾಸಿಗೆಯ ಮೇಲೆ, ಮೈಯ ಒಂದು ಎಲುಬೂ ಮುರಿಯದೆ, ಮುದುಕನಾಗಿ ಸತ್ತ. ಲಾಳ ಕಟ್ಟುವವರಲ್ಲಿ ಇದಕ್ಕಿಂತ ದೊಡ್ಡ ಸಾಹಸ ನಾನು ಕೇಳಿಲ್ಲ.

ಆ ಮನೆಯ ಹೆಮ್ಮೆಯೇ ಅದು. ಇಷ್ಟು ತಲೆಮಾರು ಕುದುರೆಯ ಹಿಂಗಾಲ ಬಳಿ ಬದುಕಿದವರಲ್ಲಿ ಒದೆ ತಿಂದವರು ಒಬ್ಬರೂ ಇರಲಿಲ್ಲ. ಅದಕ್ಕೆ ಕಾರಣ ಮನೆಯ ಒಂದು ಕಟ್ಟಳೆ. ದೊಡ್ಡ ಪ್ರಾಣಿಯ ಹಿಂದಕ್ಕೆ ಹೋಗುವವರು ಕೂಗಿಕೊಂಡೇ ಹೋಗಬೇಕು. “ಬಂದೆ ಕಣೋ ದೊರೆ!” ಎಂದು ಹಿಂದಿನವರು ಕೂಗುವುದು, ಮುಂದೆ ಹಗ್ಗ ಹಿಡಿದು ನಿಂತವರು “ಬಾ, ಬಾ” ಎನ್ನುವುದು, ಆಮೇಲೆ ಅದರ ಬೆನ್ನ ಮೇಲೆ ಅಂಗೈ ಇಟ್ಟು, ಕೈ ಎತ್ತದೆ ಸವರುತ್ತ ಸವರುತ್ತ ಕಾಲಿನವರೆಗೆ ಇಳಿಯುವುದು. ಕುದುರೆ ಹಳೆಯದಿರಲಿ, ಸಾಧುವಿರಲಿ, ಅರೆಗಣ್ಣು ಮುಚ್ಚಿ ತೂಕಡಿಸುತ್ತಿರಲಿ, ಕೂಗು ತಪ್ಪುವಂತಿರಲಿಲ್ಲ. ಆ ಮನೆಯ ಮಕ್ಕಳು ತೊದಲು ಮಾತಿಗೆ ಮುಂಚೆ ಆ ಕೂಗು ಕಲಿಯುತ್ತಿದ್ದರು.

ಲಾಳದವನೂ ಹಾಗೆಯೇ ಬೆಳೆದ. ಗಿಡ್ಡ ಆಳು, ಅಗಲ ಹೆಗಲು, ವರ್ಷಗಟ್ಟಲೆ ಬಗ್ಗಿ ಬಗ್ಗಿ ಕುಡುಗೋಲಿನಂತಾದ ಬೆನ್ನು. ಸವಾರಿ ಶಾಲೆಯ ಕುದುರೆಗಳು, ಪೊಲೀಸರ ಕುದುರೆಗಳು, ಊರು ನೋಡಲು ಬಂದವರನ್ನು ಕೂರಿಸಿಕೊಂಡು ತಿರುಗುವ ಸಾರೋಟಿನ ಕುದುರೆಗಳು, ಮರದ ದಿಮ್ಮಿ ಎಳೆಯುವ ದಪ್ಪ ಕಾಲಿನವು, ಎಲ್ಲಕ್ಕೂ ಅವನೇ. ಕೂಗುವ ಅಭ್ಯಾಸ ಎಷ್ಟು ಮೈಗೂಡಿತ್ತೆಂದರೆ ಬ್ಯಾಂಕಿನ ಸಾಲಿನಲ್ಲಿ ಯಾರ ಹಿಂದೆಯಾದರೂ ನಿಲ್ಲುವಾಗಲೂ ಗಂಟಲು ಸರಿಮಾಡಿಕೊಂಡೇ ನಿಲ್ಲುತ್ತಿದ್ದ. ಹೆಂಡತಿ ಬೆನ್ನು ಹಾಕಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದರೆ ಬಾಗಿಲಿನಿಂದಲೇ “ಬಂದೆ ಕಣೇ” ಎನ್ನುತ್ತಿದ್ದ. “ನಾನೇನು ಒದೀತೀನಾ?” ಎಂದು ಅವಳು ಕೇಳಿದರೆ, “ಯಾವತ್ತೂ ಒದ್ದಿಲ್ಲ, ಯಾಕೆ ಅಂದ್ಕೊಂಡೆ ಮತ್ತೆ?” ಎನ್ನುತ್ತಿದ್ದ.

ಒಬ್ಬಳೇ ಮಗಳು. ಕಸುಬು ಹಿಡಿಯಲು ಯಾರೂ ಬಲವಂತ ಮಾಡಲಿಲ್ಲ. ತಾನೇ ಬಂದು ಅರ ಹಿಡಿದಳು. ಅಪ್ಪನ ಗಿಡ್ಡತನ ಬರಲಿಲ್ಲ, ಅಪ್ಪನ ಅಜ್ಜಿಯ ತೋಳು ಬಂದಿತ್ತು. ಅವನ ಬೆನ್ನು ಸೋತ ಮೇಲೆ ಹಿಂಗಾಲಿನ ಕೆಲಸವೆಲ್ಲ ಅವಳದ್ದಾಯಿತು. ಅವನು ಮುಂದೆ ಹಗ್ಗ ಹಿಡಿದು ನಿಲ್ಲುತ್ತಿದ್ದ, ಅವಳು ಹಿಂದಿನಿಂದ ಕೂಗುತ್ತಿದ್ದಳು, ಅವನು “ಬಾ, ಬಾ” ಎನ್ನುತ್ತಿದ್ದ. ಆ ದನಿಯಲ್ಲಿ ಎಷ್ಟು ತೃಪ್ತಿ ಇರುತ್ತಿತ್ತೆಂದು ಕೇಳಿದವರಿಗೆ ಗೊತ್ತು.

ಇಂಥವನು ಆಟಕ್ಕೆ ಬಿದ್ದದ್ದೂ ಮಗಳಿಂದಲೇ. ಸವಾರಿ ಶಾಲೆಯ ಹುಡುಗಿಯರಿಂದ ಅವಳು ಕಲಿತು ಬಂದ ಆಟ. ಮೇಜಿನ ಸುತ್ತ ಕೂತು ಆಡುವುದು. ಒಬ್ಬರು ಕತೆ ಹೇಳುತ್ತಾರೆ: ಇದು ಕಾಡು, ಇದು ಕೋಟೆ, ಎದುರಿಗೆ ಇಂಥ ರಾಕ್ಷಸ ಬಂದ. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರ ಹೊತ್ತು ನಾನು ಹೀಗೆ ಮಾಡುತ್ತೇನೆ ಎನ್ನುತ್ತಾರೆ. ಆಗುತ್ತದೋ ಇಲ್ಲವೋ ದಾಳ ಹೇಳುತ್ತದೆ. ಕಾನೂನಿಗೆ ಒಂದು ದಪ್ಪ ಪುಸ್ತಕ ಇದೆ. ಪುಸ್ತಕ ಬಾಯಿ ಬಿಡದ ಕಡೆ ಕತೆ ಹೇಳುವವನ ತೀರ್ಪೇ ಕೊನೆ. ನಮ್ಮಲ್ಲಿ ಕತೆ ಹೇಳುವವನು ಬುಕ್‌ಬೈಂಡಿಂಗಿನವನು. ಹೊಲಿಗೆಗೆ ಬಂದ ಪುಸ್ತಕಗಳನ್ನೆಲ್ಲ ಅರ್ಧರ್ಧ ಓದಿ, ಉಳಿದರ್ಧ ತಾನೇ ಹುಟ್ಟಿಸಿಕೊಳ್ಳುವ ಪೈಕಿ. ಅವನ ಅಂಗಡಿಯ ಹಿಂದಿನ ಕೋಣೆಯಲ್ಲಿ, ಅಂಟಿನ ವಾಸನೆಯ ನಡುವೆ, ಭಾನುವಾರ ಮಧ್ಯಾಹ್ನ ನಾವು ನಾಲ್ವರು ಸೇರುತ್ತಿದ್ದೆವು. ಮಗಳು ಕತ್ತಿ ಗುರಾಣಿ ಹಿಡಿದ ವೀರೆ. ಬಡಗಿಯಾದ ನಾನು ಗಾಯಕ್ಕೆ ಮದ್ದು ಹಾಕುವ ಸನ್ಯಾಸಿ. ಲಾಳದವ ಆರಿಸಿಕೊಂಡದ್ದು ಕಳ್ಳನನ್ನು. ನೆರಳು ಎಂದು ಅದಕ್ಕೆ ಹೆಸರಿಟ್ಟ.

“ನೀನು ಕಳ್ಳನಾ? ಬೀದಿ ಆ ತುದೀಲಿ ಬಂದ್ರೆ ಈ ತುದಿಗೆ ಕೇಳುತ್ತಲ್ಲೋ ನಿನ್ನ ಕೂಗು!” ಎಂದು ಬೈಂಡಿಂಗಿನವನು ನಕ್ಕ.

“ಹುಟ್ಟಿದಾಗಿನಿಂದ ಕೂಗ್ಕೊಂಡೇ ಓಡಾಡಿದ್ದೀನಿ. ಒಂದು ಕಡೆಯಾದ್ರೂ ಸದ್ದಿಲ್ದೆ ಹೋಗೋಣ ಅಂತ ಆಸೆ ಕಣಯ್ಯ,” ಎಂದ ಅವನು.

ಲಾಳದ ಕಬ್ಬಿಣವನ್ನೇ ಕಡಿದು, ಅರ ಹಾಕಿ, ಒಂದು ಹಿಡಿ ದಾಳ ಮಾಡಿಕೊಂಡು ಬಂದಿದ್ದ. ಉರುಳಿಸಿದರೆ ಮೇಜಿನಲ್ಲಿ ಕುಳಿ ಬೀಳುತ್ತಿತ್ತು. ಬೈಂಡಿಂಗಿನವನು ಗೊಣಗುತ್ತ ಮೇಜಿಗೆ ಚರ್ಮದ ತುಂಡೊಂದನ್ನು ಹಾಸಿದ.

ಕಳ್ಳನ ಬಲವೆಲ್ಲ ಹೊಂಚುಪೆಟ್ಟಿನಲ್ಲಿ. ಪುಸ್ತಕ ಹೇಳುವುದು ಇಷ್ಟು: ಕಳ್ಳ ಬಂದದ್ದು ಶತ್ರುವಿಗೆ ತಿಳಿಯದಿದ್ದರೆ, ಇಲ್ಲವೆ ಜೊತೆಗಾರನೊಬ್ಬ ಶತ್ರುವಿನ ಮಗ್ಗುಲಲ್ಲೇ ನಿಂತು ಅವನ ಗಮನ ಹಿಡಿದಿದ್ದರೆ, ಕಳ್ಳನ ಪೆಟ್ಟಿಗೆ ಒಂದು ದಾಳದ ಬದಲು ಮುಷ್ಟಿ ತುಂಬ ದಾಳ. ಮರ್ಮಕ್ಕೆ ಬಿದ್ದ ಪೆಟ್ಟು ಎಂದು ಲೆಕ್ಕ. ಎಷ್ಟೋ ತಿಂಗಳು ನೆರಳು ಹೀಗೆಯೇ ಡಕಾಯಿತರನ್ನೂ ತೋಳಗಳನ್ನೂ ಕೆಡವಿತು. ಯಾರಿಗೂ ಏನೂ ಅನುಮಾನ ಬರಲಿಲ್ಲ.

ಅನುಮಾನ ಬಂದದ್ದು ಬೆಟ್ಟದ ದೈತ್ಯ ಬಂದ ದಿನ. ಬೈಂಡಿಂಗಿನವನು ಅವನನ್ನು ಬಣ್ಣಿಸಿದ್ದೇ ಹಾಗೆ: ಮರಗಳು ಅವನ ಮೊಣಕಾಲಿಗೆ ಹುಲ್ಲಿನಂತೆ ತಾಕುತ್ತವೆ. ಮಗಳ ವೀರೆ ಎದುರು ನಿಂತು ಪೆಟ್ಟಿನ ಮೇಲೆ ಪೆಟ್ಟು ತಿಂದು ಒಂದು ಗುಟುಕು ಜೀವಕ್ಕೆ ಬಂದಿದ್ದಳು. ನನ್ನ ಸನ್ಯಾಸಿಯ ಮದ್ದೆಲ್ಲ ಮುಗಿದಿತ್ತು. ಇನ್ನೊಂದು ಏಟಿಗೆ ಅವಳು ಸತ್ತಂತೆಯೇ. ಇಷ್ಟು ತಿಂಗಳು ಮಗಳು ಹೊತ್ತು ಸಾಕಿದ ಪಾತ್ರ. ಆಟ ಎಂದರೂ ಅವಳ ಮುಖ ಬಿಳಿಚಿಕೊಂಡಿತ್ತು. ಲಾಳದವ ಅದನ್ನು ನೋಡಿದ.

“ನೆರಳು ಹಿಂದಿನಿಂದ ಹೋಗಿ ಹೊಂಚುಪೆಟ್ಟು ಹಾಕುತ್ತೆ,” ಎಂದು ಕಬ್ಬಿಣದ ದಾಳಗಳನ್ನು ಬಾಚಿಕೊಂಡ.

“ತಡಿ ತಡಿ,” ಎಂದ ಬೈಂಡಿಂಗಿನವನು. “ಎಲ್ಲಿಗೆ ಹಾಕ್ತೀಯ? ಮರ್ಮ ಅಂದ್ರೆ ಎದೆ, ಕುತ್ತಿಗೆ. ನಿನ್ನ ಚೂರಿ ಅವನ ಮೊಣಕಾಲಿಗೂ ಎಟುಕಲ್ಲ. ಸೊಳ್ಳೆ ಕಚ್ಚಿದ ಹಾಗಾಗುತ್ತೆ ಅಷ್ಟೆ. ಒಂದು ದಾಳ ಉರುಳಿಸು.”

“ಪುಸ್ತಕದಲ್ಲಿ ಗಾತ್ರದ ಮಾತೇ ಇಲ್ವಲ್ಲ ಚಿಕ್ಕಪ್ಪ,” ಎಂದಳು ಮಗಳು.

“ಇಲ್ಲ ಅಂದ್ರೆ ತಲೆ ಉಪಯೋಗಿಸ್ಬಾರ್ದು ಅಂತಾನಾ?”

“ಮರ್ಮ ಎದೇಲಿ ಮಾತ್ರ ಇರೋದು ಅಂತ ನಿನಗ್ಯಾರು ಹೇಳಿದ್ರು?” ಎಂದ ಲಾಳದವ. “ಅಷ್ಟು ದೊಡ್ಡ ಮೈ ನಿಂತಿರೋದು ಕಾಲ ಮೇಲೆ. ಹಿಮ್ಮಡಿ ಮೇಲಿನ ನರ ಒಂದು ಹೋಯ್ತೋ, ಬೆಟ್ಟ ಆಗ್ಲಿ ಬೇರೇನೇ ಆಗ್ಲಿ, ಕೂತ್ಕೊಳ್ಳಲೇಬೇಕು.”

ಬೈಂಡಿಂಗಿನವನು ಗಡ್ಡ ಕೆರೆದುಕೊಂಡ. ಅದು ಅವನಿಗೆ ಹಿಡಿಸಿತ್ತು. ಆದರೂ ಸುಮ್ಮನೆ ಬಿಡುವ ಜಾತಿಯಲ್ಲ.

“ಸರಿ, ಹಿಮ್ಮಡಿ ಒಪ್ಪಿದೆ. ಆದ್ರೆ ಅವನಿಗೆ ಗೊತ್ತಾಗಲ್ವಾ? ದೊಡ್ಡ ಪ್ರಾಣಿಗೆ ಹಿಂದೆ ಯಾರು ಬಂದ್ರೂ ಚರ್ಮದಲ್ಲೇ ಗೊತ್ತಾಗುತ್ತೆ, ಅದಕ್ಕೇ ಕೂಗಿ ಹೋಗೋದು ಅಂತ ನಿಮ್ಮನೇಲಿ ಹೇಳೋದು ನಾನು ಕೇಳಿಲ್ವಾ? ಈಗ ಮಾತು ಬದಲಾಯಿಸ್ತೀಯಾ?”

ಲಾಳದವ ಒಂದು ಸಲ ಮಗಳ ಕಡೆ ನೋಡಿದ. ಅವಳು ಎರಡು ಕೈಯಲ್ಲೂ ಗಲ್ಲ ಹಿಡಿದು ಅಪ್ಪನ ಬಾಯನ್ನೇ ನೋಡುತ್ತಿದ್ದಳು.

“ಅದು ಒಬ್ರೇ ಹೋದಾಗ ಕಣಯ್ಯ,” ಎಂದ ಅವನು, ನಿಧಾನವಾಗಿ. “ಎದುರಿಗೆ ಇನ್ನೊಬ್ರು ಗಟ್ಟಿಯಾಗಿ ನಿಂತು ಅದರ ಕಣ್ಣು ಹಿಡಿದಿದ್ರೆ, ಹಿಂದೆ ಒಂದು ಕಾಲಿದೆ ಅನ್ನೋದೇ ಅದಕ್ಕೆ ಮರ್ತುಹೋಗುತ್ತೆ. ಎದುರಿಗೆ ನಂಬಿಕೆಯವರು ಇದ್ರೆ ಕೂಗೋದೇ ಬೇಡ. ನಾನು ಹೇಳ್ತಿದ್ದೀನಲ್ಲ, ಇಷ್ಟು ವರ್ಷ ಅದರ ಕಾಲ ಬುಡದಲ್ಲೇ ಕೂತವನು.”

ಅದು ಸುಳ್ಳು ಎಂದು ಅವನಿಗೆ ಗೊತ್ತಿತ್ತು. ಎಂದೂ ಆಡದ ಮಾತನ್ನು ಅವನ ಬಾಯಲ್ಲಿ ಕೇಳಿ ನನಗೆ ಆಶ್ಚರ್ಯವಾಯಿತು, ಆದರೆ ಆಟದ ಮಾತಿಗೆ ಯಾರು ಕಡ್ಡಿ ಹಾಕುತ್ತಾರೆ? ಬೈಂಡಿಂಗಿನವನು ಕೈ ಎತ್ತಿಬಿಟ್ಟ. “ಕಸುಬುದಾರ ಹೇಳಿದ ಮೇಲೆ ಮುಗೀತು. ತೀರ್ಪು ನಿನ್ನದೇ. ಉರುಳಿಸು ಮಾರಾಯ.”

ದಾಳಗಳು ಚರ್ಮದ ಮೇಲೆ ದಬದಬ ಬಿದ್ದವು. ದೈತ್ಯ ಹಿಮ್ಮಡಿ ಹಿಡಿದುಕೊಂಡು ಕುಸಿದ. ಮಗಳು ಕುರ್ಚಿಯಿಂದ ನೆಗೆದು ಅಪ್ಪನ ಕುತ್ತಿಗೆಗೆ ಜೋತುಬಿದ್ದಳು. “ಅಪ್ಪಾ, ನೀನಿದ್ದೆ ಅಂತ ಬದುಕ್ದೆ!” ಎಂದು ಕೂಗಿದಳು. ದಾರಿಯುದ್ದಕ್ಕೂ ಅವರಿಬ್ಬರೂ ಅದನ್ನೇ ಆಡಿ ತೋರಿಸಿಕೊಂಡು ಹೋದರು. ಅವಳು ತುಟಿಯ ಮೇಲೆ ಬೆರಳಿಟ್ಟು ತುದಿಗಾಲಲ್ಲಿ ನಡೆಯುವುದು, ಅವನು ದೈತ್ಯನಂತೆ ತೂರಾಡುವುದು. ಬೀದಿಯಲ್ಲಿ ಅವರ ನಗು ಬಹಳ ದೂರ ಕೇಳಿಸುತ್ತಿತ್ತು. ಆ ಮನೆಯ ನಗುವಿನಲ್ಲಿ ನನಗೆ ನೆನಪಿರುವುದು ಅದೇ ಕೊನೆಯದು.

ಅದೇ ವಾರ ಮರದ ಡಿಪೋದ ಲಾಯದಿಂದ ಕರೆ ಬಂತು. ಅಲ್ಲಿ ಒಂದು ಮುದಿ ಕುದುರೆ ಇದೆ. ದಿಮ್ಮಿ ಎಳೆಯುವ ತಳಿ, ಅದರ ಗೊರಸು ನನ್ನ ಊಟದ ತಟ್ಟೆಯಷ್ಟು. ಅದನ್ನು ಎಲ್ಲರೂ ಗುಡ್ಡ ಎಂದೇ ಕರೆಯುವುದು. ಮಗಳು ಚಿಕ್ಕವಳಿದ್ದಾಗ ಅದರ ಹೊಟ್ಟೆಯ ಕೆಳಗೆ ನುಸುಳಿ ಆಡಿದವಳು. ಮನೆಯವರಷ್ಟೇ ಸಲಿಗೆ. ಲಾಳದವ ಎಂದಿನಂತೆ ಮುಂದೆ ಹೋಗಿ ಹಗ್ಗ ಹಿಡಿದ. ಅದು ಅವನ ಭುಜಕ್ಕೆ ಮೂತಿ ಇಟ್ಟು ಕಣ್ಣು ಮುಚ್ಚಿತು. ಮಗಳು ಸುತ್ತಿಗೆ ಕೈಗೆ ತೆಗೆದುಕೊಂಡು ಹಿಂದಕ್ಕೆ ಹೋದಳು. ಕೂಗಲಿಲ್ಲ. ಅಪ್ಪನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟಳು. ತುದಿಗಾಲಲ್ಲಿ, ನೆರಳಿನ ಹಾಗೆ, ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ.

ಗುಡ್ಡ ಬೆಚ್ಚಿತು. ಅದಕ್ಕೆ ಸಿಟ್ಟಿರಲಿಲ್ಲ, ನಿದ್ದೆಯಲ್ಲಿ ನಾವು ನೊಣ ಓಡಿಸುವಂತೆ ಕಾಲು ಝಾಡಿಸಿತು, ಅಷ್ಟೆ. ಅವಳ ಬಲಗೈಯ ಮಣಿಕಟ್ಟು ಲಾಯದ ಗೋಡೆಗೂ ಗೊರಸಿಗೂ ನಡುವೆ ಸಿಕ್ಕಿತು.

ಆಸ್ಪತ್ರೆಯವರು ತಗಡು ಮೊಳೆ ಇಟ್ಟು ಮೂಳೆ ಕೂಡಿಸಿದರು. ಕೈ ಉಳಿಯಿತು. ಆದರೆ ಬೆರಳು ಪೂರ್ತಿ ಮಡಚುವುದಿಲ್ಲ, ಲೋಟ ಹಿಡಿದರೂ ನಡುಗುತ್ತದೆ. ಸುತ್ತಿಗೆಯ ಮಾತು ಇನ್ನು ಆಡಬೇಡಿ ಎಂದು ಡಾಕ್ಟರು ಹೇಳಿದ್ದನ್ನು ಬೆಂಚಿನ ಮೇಲೆ ಕೂತು ನಾನೂ ಕೇಳಿದೆ. ಮಗಳು ಅಮ್ಮನ ಮುಂದೆ ನಗಲು ನೋಡಿದಳು.

“ಕೂಗಿದ್ದೆ ಕಣಮ್ಮ. ಅದಕ್ಕೆ ವಯಸ್ಸಾಗಿದೆ, ಕೇಳಿಸ್ಲಿಲ್ಲ.”

“ಕೂಗ್ಲಿಲ್ಲ,” ಎಂದ ಲಾಳದವ, ಬಾಗಿಲ ಬಳಿ ನಿಂತವನು. “ನಾನು ನೋಡ್ತಾನೇ ಇದ್ದೆ. ಬೆರಳು ಹಿಂಗೆ ಇಟ್ಳು. ನಾನು ಗದರಬೇಕಾಗಿತ್ತು. ನಕ್ಕೆ.”

ಹೆಂಡತಿ ಮಗಳ ಕೂದಲು ಸರಿಮಾಡುತ್ತಿದ್ದ ಕೈಯನ್ನು ನಿಲ್ಲಿಸಿದಳು. ಅವನ ಕಡೆ ತಿರುಗಲಿಲ್ಲ. “ನಕ್ರಾ?” ಎಂದಳು. ಅಷ್ಟೇ. ಅವಳು ಬೈದಿದ್ದರೆ, ಎದೆ ಬಡಿದುಕೊಂಡು ಅತ್ತಿದ್ದರೆ, ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಮನೆಯಲ್ಲಿ ಅಂದಿನಿಂದ ಅವನು ಬಾಗಿಲಿನಿಂದ ಕೂಗಿದರೆ ಉತ್ತರ ಬರುವುದು ನಿಂತುಹೋಯಿತು.

ಡಿಪೋದವರು ಗುಡ್ಡವನ್ನು ಕೊಂದುಬಿಡುತ್ತೇವೆ ಎಂದರು. ಅವನು ಅಲ್ಲಿಗೆ ಹೋಗಿ, ಅದರ ಕಾಲಿಗೆ ಸುತ್ತಿದ್ದ ಸರಪಳಿ ಬಿಚ್ಚಿ, “ಅದರ ತಪ್ಪೇನಿದೆ? ಯಾರೋ ಹಿಂದೆ ಬಂದ್ರು, ಅದಕ್ಕೆ ಯಾರೂ ಹೇಳಿರ್ಲಿಲ್ಲ. ಅದರ ಕಾಲು ಇನ್ಮುಂದೆ ನಾನೊಬ್ನೇ ನೋಡ್ಕೋತೀನಿ,” ಎಂದು ಬಂದ. ಹಾಗೆಯೇ ನೋಡಿಕೊಂಡ. ಬೆನ್ನು ಸೋತು ಬಿಟ್ಟಿದ್ದ ಹಿಂಗಾಲಿನ ಕೆಲಸವನ್ನೆಲ್ಲ ಮತ್ತೆ ಮೈಮೇಲೆ ಎಳೆದುಕೊಂಡ. ಸಂಜೆ ಮನೆಗೆ ಹೋಗುವಾಗ ಗೋಡೆ ಹಿಡಿದು ಹಿಡಿದು ಹೋಗುವುದನ್ನು ನಾನು ನನ್ನ ಕೆಲಸದ ಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಹಗ್ಗ ಹಿಡಿಯಲು ಯಾರನ್ನೂ ಕರೆಯುತ್ತಿರಲಿಲ್ಲ.

ಭಾನುವಾರಗಳು ಖಾಲಿಯಾದವು. ಬೈಂಡಿಂಗಿನವನು ಮೇಜನ್ನು ಹಾಗೆಯೇ ಬಿಟ್ಟಿದ್ದ. ಚರ್ಮದ ತುಂಡಿನ ಮೇಲೆ ಕಬ್ಬಿಣದ ದಾಳಗಳಿಗೆ ತುಕ್ಕು ಹಿಡಿಯಲು ಶುರುವಾಗಿತ್ತು. ಒಂದು ದಿನ ತಡೆಯಲಾರದೆ ಅವನು ಲಾಳದವನನ್ನು ಕುಲುಮೆಯಲ್ಲೇ ಹಿಡಿದ. ನಾನೂ ಜೊತೆಗಿದ್ದೆ.

“ಆ ತೀರ್ಪು ನಾನು ವಾಪಸ್ ತಗೋತೀನಿ ಕಣೋ. ದೊಡ್ಡದಕ್ಕೆ ಹೊಂಚುಪೆಟ್ಟು ನಡೆಯಲ್ಲ. ಮುಗೀತು. ಅವತ್ತಿನ ಆಟ ಇಲ್ಲ ಅಂದ್ಕೋ. ಮತ್ತೆ ಅಲ್ಲಿಂದ್ಲೇ ಆಡೋಣ ಬಾ.”

ಲಾಳದವ ತಿದಿ ಎಳೆಯುವುದನ್ನು ನಿಲ್ಲಿಸಲಿಲ್ಲ. “ಅಲ್ಲಿಂದ್ಲೇ ಆಡಿದ್ರೆ ದೈತ್ಯ ಎದ್ದು ನಿಲ್ತಾನೆ. ಅವಳು ಎದುರಿಗೇ ಇದ್ದಾಳೆ. ಅವಳನ್ನ ಹೊಡೀತಾನೆ. ಅದು ಬೇಡ. ಒಂದು ಕಡೆನಾದ್ರೂ ಬದುಕಿರ್ಲಿ.”

“ಆಟದ ಮಾತು ಅದು. ನೀನು ಮನಸ್ಸಿಗೆ…”

“ಆಟದಲ್ಲಿ ಆಡಿದ್ದು ಯಾರ ಬಾಯಿ? ಇದೇ ಬಾಯಲ್ವಾ? ನನ್ನಪ್ಪ ನನಗೆ ಕೂಗು ಹೇಳ್ಕೊಟ್ಟ. ನಾನು ಅವಳಿಗೆ ಹೇಳ್ಕೊಟ್ಟೆ. ಆಮೇಲೆ ನಾನೇ, ನಿಮ್ಮೆಲ್ಲರ ಮುಂದೆ, ಕೂಗೋದೇ ಬೇಡ ಅಂದೆ. ಅವಳು ನಿನ್ನ ಪುಸ್ತಕ ನಂಬಲಿಲ್ಲ ಕಣಯ್ಯ. ನನ್ನ ನಂಬಿದ್ಳು.”

ಬೈಂಡಿಂಗಿನವನು ಹಿಂದಿರುಗಿ ಬರುವಾಗ ದಾರಿಯಲ್ಲಿ ಕಣ್ಣೊರೆಸಿಕೊಂಡು, “ನಾನು ಯಾಕಾದ್ರೂ ಆ ಪ್ರಶ್ನೆ ಕೇಳ್ದೆ ಅಣ್ಣಾ?” ಎಂದ. ಕೇಳದಿದ್ದರೆ ಲಾಳದವ ಆ ಸುಳ್ಳು ಹೇಳುತ್ತಿರಲಿಲ್ಲ, ನಿಜ.

ಮಗಳು ಮಾತ್ರ ಅಪ್ಪನಷ್ಟು ಕುಗ್ಗಲಿಲ್ಲ, ಅಥವಾ ಕುಗ್ಗಿದ್ದನ್ನು ತೋರಿಸಲಿಲ್ಲ. ಎಡಗೈಯಲ್ಲಿ ಬರೆಯುವುದನ್ನು ಕಲಿತಳು. ಒಂದು ಮಧ್ಯಾಹ್ನ ನನ್ನ ಕೆಲಸದ ಮನೆಗೆ ಬಂದು, ಮರದ ಹೊಟ್ಟಿನ ರಾಶಿಯ ಮೇಲೆ ಕೂತು, ಬಲಗೈಯನ್ನು ಮಡಿಲಲ್ಲಿ ಮಗುವಿನಂತೆ ಇಟ್ಟುಕೊಂಡು ಹೇಳಿದಳು:

“ದೊಡ್ಡಪ್ಪ, ಅಪ್ಪ ನನ್ನ ಕೈ ನೋಡೋದೇ ಇಲ್ಲ. ಎದುರಿಗೆ ಬಂದ್ರೆ ತಲೆ ತಗ್ಗಿಸ್ತಾರೆ. ಅದನ್ನ ಹೇಗೋ ತಡ್ಕೋತೀನಿ. ಆದ್ರೆ ಗುಡ್ಡದ ಹತ್ರ ಒಬ್ರೇ ಹೋಗ್ತಾರೆ, ಬೆನ್ನು ಹಿಡ್ಕೊಂಡ್ರೆ ಏಳೋಕೂ ಆಗಲ್ಲ. ಯಾವತ್ತೋ ಒಂದಿನ ಅದರ ಕಾಲ ಕೆಳಗೇ ಬಿದ್ದುಹೋಗ್ತಾರೆ. ನಾನು ಹಗ್ಗ ಹಿಡೀತೀನಿ ಅಂದ್ರೆ ಬೈತಾರೆ. ಒಂದು ಕೈ ಸಾಕು ಅದಕ್ಕೆ. ನೀವಾದ್ರೂ ಹೋಗಿ ನಿಂತ್ಕೊಳ್ಳಿ. ನಾನು ಕಳಿಸ್ದೆ ಅನ್ಬೇಡಿ.”

“ನಿನಗೆ ಅವನ ಮೇಲೆ ಸಿಟ್ಟಿಲ್ವೇನಮ್ಮ?”

ಅವಳು ಸ್ವಲ್ಪ ಹೊತ್ತು ಹೊಟ್ಟಿನಲ್ಲಿ ಎಡಗೈ ಬೆರಳು ಆಡಿಸಿದಳು. “ಇದೆ,” ಎಂದಳು. “ಅದನ್ನ ಅವರಿಗೆ ಹೇಳೋಕಾದ್ರೂ ಅವರು ಇರ್ಬೇಕಲ್ಲ.”

ನಾನೂ ಬೈಂಡಿಂಗಿನವನೂ ಡಿಪೋಗೆ ಹೋದೆವು. ಲಾಯದೊಳಗೆ ಒದ್ದೆ ಹುಲ್ಲಿನ ವಾಸನೆ, ಸುಟ್ಟ ಗೊರಸಿನ ಹೊಗೆ. ಗುಡ್ಡವನ್ನು ಕಂಬಕ್ಕೆ ಕಟ್ಟಲಾಗಿತ್ತು. ಲಾಳದವ ಹಿಂದೆ ಬಗ್ಗಿದ್ದ, ಅದರ ಕಾಲು ಅವನ ತೊಡೆಯ ಮೇಲೆ. ಹಣೆಯಿಂದ ಬೆವರು ಇಳಿದು ಮೂಗಿನ ತುದಿಯಲ್ಲಿ ತೊಟ್ಟಿಕ್ಕುತ್ತಿತ್ತು. ಒಂದು ಕ್ಷಣವೂ ಬಾಯಿ ಮುಚ್ಚದೆ ಅದರೊಂದಿಗೆ ಮಾತಾಡುತ್ತಿದ್ದ. “ಬಂದೆ ಕಣೋ ದೊರೆ, ಇಲ್ಲೇ ಇದ್ದೀನಿ, ಇದು ನನ್ನ ಕೈ, ಇದು ಅರ, ಈಗ ಮೊಳೆ ಬರುತ್ತೆ ನೋಡು.” ಕುದುರೆಯ ಎರಡೂ ಕಿವಿ ಹಿಂದಕ್ಕೆ, ಅವನ ದನಿಯ ಕಡೆಗೆ ತಿರುಗಿದ್ದವು. ಮೊಳೆ ಹೊಡೆದು ಏಳಲು ನೋಡಿದ, ಆಗಲಿಲ್ಲ. ಅದರ ಕಾಲನ್ನೇ ಹಿಡಿದುಕೊಂಡು ಹಾಗೆಯೇ ಅರ್ಧಕ್ಕೆ ನಿಂತುಬಿಟ್ಟ. ಗುಡ್ಡ ಅಲುಗಾಡಲಿಲ್ಲ.

ಬೈಂಡಿಂಗಿನವನು ಕಂಬದಿಂದ ಹಗ್ಗ ಬಿಚ್ಚಲು ಕೈ ಹಾಕಿದ. ನಾನು ಲಾಳದವನ ಸೊಂಟಕ್ಕೆ ಆಸರೆ ಕೊಡಲು ಹೋದೆ. ಲಾಳದವ ತಲೆ ಎತ್ತದೆಯೇ ಹೇಳಿದ:

“ಹಗ್ಗ ಮುಟ್ಬೇಡ ಕಣಯ್ಯ. ಅಣ್ಣಾ, ನೀನೂ ಅಲ್ಲೇ ನಿಲ್ಲು. ಅವಳು ಕಳಿಸಿದ್ದಾಳೆ ಅಂತ ಗೊತ್ತು. ಹೋಗಿ ಹೇಳಿ, ಬೇಡ ಅಂದ ಅಂತ. ನೀವು ಎದುರಿಗೆ ನಿಂತ್ರೆ ಇದು ನಿಮ್ಮನ್ನ ನೋಡ್ಕೊಂಡು ನನ್ನ ಮರ್ತುಬಿಡುತ್ತೆ, ಆಮೇಲೆ ಬೆಚ್ಚುತ್ತೆ. ನನಗೂ ನೀವಿದ್ದೀರಿ ಅಂತ ಧೈರ್ಯ ಬಂದು ಕೂಗೋದು ನಿಂತುಹೋಗುತ್ತೆ. ಆ ಧೈರ್ಯ ನನಗೆ ಬೇಡ. ಬೆನ್ನು ಇನ್ನೊಂದು ಗಳಿಗೆಗೆ ತಾನಾಗೇ ಬಿಡುತ್ತೆ. ಅಲ್ಲೀವರೆಗೂ ಇದು ನನ್ನ ಮಾತು ಕೇಳ್ಕೊಂಡು ನಿಂತಿರುತ್ತೆ. ಬಾಗ್ಲಲ್ಲಿ ಬೆಳಕಿಗೆ ಅಡ್ಡ ನಿಲ್ಬೇಡಿ, ಹೋಗಿ.”